ಒಂಟಿ ಹಸಿರು ಗೆರೆ

ಹಸಿರು ಗೆರೆ ಒಂದೇ ಇತ್ತು.

ಓಬಳೇಶ ಹಿತ್ತಾಳೆಯ ಕೊಳವೆಯಿಂದ ಕಣ್ಣು ತೆಗೆದು, ಅಂಗಿಯ ತೋಳಿನಿಂದ ಒರೆಸಿಕೊಂಡು ಮತ್ತೆ ಇಟ್ಟ. ಗೆರೆ ಹಾಗೇ ಇತ್ತು. ಕತ್ತಲೆಯ ನಡುವೆ ಗರಿಕೆ ಎಸಳಿನಷ್ಟು ಸಪೂರ, ಅಷ್ಟೇ ಹಸಿರು.

"ಏನ್ ಕಾಣ್ತೈತೆ ಮೇಷ್ಟ್ರೇ? ಬಾಯಿ ಬಿಟ್ಟು ಹೇಳ್ರಿ. ಸುಮ್ನೆ ಕೂರಾಕೆ ನನಗೇನೂ ಸರ್ಕಾರ ಸಂಬಳ ಕೊಡಲ್ಲ," ಎಂದ ಸಬ್ ಇನ್‌ಸ್ಪೆಕ್ಟರ್ ವೀರಭದ್ರಯ್ಯ. ಹರಪನಹಳ್ಳಿ ಕಡೆಯ ಮನುಷ್ಯ. ಸ್ಟೂಲಿನ ಮೇಲೆ ಕೂತು, ಟೋಪಿ ತೊಡೆಯ ಮೇಲಿಟ್ಟುಕೊಂಡು, ಮಧ್ಯಾಹ್ನ ಮೂರು ಗಂಟೆಯಿಂದ ಆಕಳಿಸುತ್ತಿದ್ದ.

ಒಂಬತ್ತು ದಿನದ ಹಿಂದೆ ಕೊಟ್ಟೂರಿನ ಈ ಕಾಲೇಜಿನಲ್ಲಿ, ಇದೇ ಮೇಜಿನ ಮುಂದೆ ನಿಂತು, ಇದೇ ಹಸಿರನ್ನು ಬರಿಗಣ್ಣಿನಲ್ಲಿ ನೋಡಿ, ಕಾಗದದ ಮೇಲೆ 'ತಾಮ್ರ' ಎಂದು ಬರೆದು ಸಹಿ ಹಾಕಿ ಕೊಟ್ಟವನು ಓಬಳೇಶನೇ. ಕೆಮಿಸ್ಟ್ರಿ ಲೆಕ್ಚರರ್ ಸಹಿ ಎಂದರೆ ಪೊಲೀಸರಿಗೆ ಇನ್ನೇನು ಬೇಕು? ಆ ಕಾಗದ ಹಿಡಿದೇ ಕಲಾಯಿ ಮಸ್ತಾನಸಾಬನನ್ನು ಎಳೆದೊಯ್ದಿದ್ದರು.

ಓಬಳೇಶನ ಭಾವ ರಾಮಣ್ಣ ತಾಮ್ರದ ಗಡಿಗೆಯ ಅಂಬಲಿ ಕುಡಿದು ಸತ್ತ. ಗಡಿಗೆಗೆ ಕಲಾಯಿ ಹಾಕಿದವನು ಮಸ್ತಾನಸಾಬ. ಕಲಾಯಿ ಬಿಟ್ಟು ಕಿಲುಬು ಇಳಿದಿದೆ. ಇದು ಊರೆಲ್ಲ ಒಪ್ಪಿದ ಮಾತು. ಈಗ ರಾಮಣ್ಣನ ಹೆಂಡತಿ, ಅಂದರೆ ಓಬಳೇಶನ ಒಬ್ಬಳೇ ಅಕ್ಕ ಅಂಜಿನಕ್ಕ, ಕೊಟ್ಟೂರಿನ ದವಾಖಾನೆಯಲ್ಲಿ ಮಲಗಿ ದಿನ ಎಣಿಸುತ್ತಿದ್ದಳು.

"ತಾಮ್ರ ಅಲ್ಲ ಸಾಹೇಬ್ರೆ," ಎಂದ ಓಬಳೇಶ.

ವೀರಭದ್ರಯ್ಯನ ಆಕಳಿಕೆ ಅರ್ಧಕ್ಕೆ ನಿಂತಿತು. "ಏನಂದ್ರಿ?"

"ಅಕ್ಕನ ಕೂದಲ ನೈಟ್ರಿಕ್ ಆಮ್ಲದಾಗ ಕುದಿಸಿ ಇಂಗಿಸೀನಿ. ಗಡಿಗಿ ತಳದ ಅಂಬಲೀನೂ ಹಂಗ ಮಾಡೀನಿ. ಎರಡರಾಗೂ ತಾಮ್ರ ಇಲ್ಲ. ನಾನು ತಪ್ಪು ಬರದೀನಿ."

"ಹಸಿರು ಉರಿ ಅಂದ್ರೆ ತಾಮ್ರ ಅಂತ ನೀವೇ ಎದೆ ತಟ್ಟಿ ಹೇಳಿದ್ರಲ್ರೀ!"

"ಬರಿಗಣ್ಣಿಗೆ ಹಸಿರೆಲ್ಲಾ ಒಂದ. ನೀವ ಬಂದು ನೋಡ್ರಿ."

ಓಬಳೇಶ ಪ್ಲಾಟಿನಂ ತಂತಿಯ ತುದಿಯನ್ನು ಆಮ್ಲದಲ್ಲಿ ಅದ್ದಿ, ಅಕ್ಕನ ಕೂದಲಿನಿಂದ ಇಳಿದ ಕರಿಯ ಕಸಕ್ಕೆ ತಾಗಿಸಿ, ಬರ್ನರಿನ ಉರಿಗೆ ಹಿಡಿದ. ಉರಿಯ ಅಂಚು ಹಸಿರಾಯಿತು. ಇನ್‌ಸ್ಪೆಕ್ಟರ್ ಒಂದು ಕಣ್ಣು ಮುಚ್ಚಿ, ಬಂದೂಕು ಗುರಿಯಿಟ್ಟಂತೆ ಕೊಳವೆಗೆ ಇನ್ನೊಂದು ಕಣ್ಣು ಇಟ್ಟ.

"ಒಂದು ಹಳದಿ ಗೆರೆ. ಒಂದು ಹಸಿರು."

"ಹಳದಿ ಬಿಡ್ರಿ, ಅದು ಉಪ್ಪಿಂದು. ಬೆವರಿನಾಗೂ ಇರತೈತಿ, ಧೂಳಿನಾಗೂ ಇರತೈತಿ. ಈ ಕೊಳವಿ ಒಳಗ ಮೂರು ಮೂಲಿ ಗಾಜು ಐತಿ, ಬೆಳಕಿನ ಬಣ್ಣ ಬಿಡಿಸಿ ಇಡತೈತಿ. ಸಂತ್ಯಾಗ ಒಬ್ಬೊಬ್ಬ ವ್ಯಾಪಾರಿ ಒಂದೊಂದು ಜಾಗದಾಗ ಕುಂದ್ರತಾನಲ್ರೀ, ಹಂಗ ಒಂದೊಂದು ಧಾತುವಿಗೂ ಒಂದೊಂದು ಜಾಗ. ಉರದ್ರ ಅಲ್ಲೇ ಬೆಳಕು ಉಗುಳತೈತಿ. ಬೆಳಕಿಗೆ ಅಡ್ಡ ನಿಂತ್ರ ಅದ ಜಾಗದ ಬೆಳಕು ನುಂಗತೈತಿ. ಸೂರ್ಯನ ಕಡೆ ಹಿಡದ್ರ ನುಂಗಿದ ಜಾಗ ಕರಿ ಗೆರಿ ಆಗಿ ಕಾಣತಾವು. ಜಾಗ ಮಾತ್ರ ಬದಲಾಗಂಗಿಲ್ಲ."

"ತಾಮ್ರದ ಜಾಗ?"

"ತಾಮ್ರ ಆಗಿದ್ರ ಹಸಿರು, ನೀಲಿ ಎರಡೂ ಕಡೆ ಹತ್ತಾರು ಪಟ್ಟಿ ಹಾಸಿಕೊಂಡು ಕುಂದ್ರತಿತ್ತು. ಇದು ಒಂದ ಗೆರಿ. ಆ ಜಾಗದಾಗ ಒಂಟಿಯಾಗಿ ನಿಲ್ಲೋದು ಒಂದ ಧಾತು. ಥ್ಯಾಲಿಯಂ."

"ಯಾವ ಊರ ಹೆಸರ್ರೀ ಅದು?"

ಓಬಳೇಶನಿಗೆ ನಗು ಬರಲಿಲ್ಲ. ಗೋಡೆಗೆ ತೂಗುಬಿಟ್ಟ, ಧಾತುಗಳ ಗೆರೆ ಬಿಡಿಸಿದ ಬಣ್ಣದ ಪಟದ ಮೇಲೆ ಬೆರಳಿಟ್ಟು ತೋರಿಸಿದ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಒಮ್ಮೆ ಮಾತ್ರ ಆ ಗೆರೆಯನ್ನು ನೋಡಿದ್ದ. ಗುಡೇಕೋಟೆಯ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗನಾಗಿದ್ದ ಅವನು, ಆ ದಿನ ಪುಸ್ತಕದಲ್ಲಿದ್ದದ್ದು ಉರಿಯಲ್ಲೂ ಇದೆಯಲ್ಲ ಎಂದು ಕುಣಿದಿದ್ದ.

"ವಿಷ. ಬಣ್ಣ ಇಲ್ಲ, ವಾಸನಿ ಇಲ್ಲ, ರುಚಿ ಇಲ್ಲ. ಮೊದಲ ವಾಂತಿ, ಭೇದಿ. ಆಮೇಲೆ ಅಂಗಾಲು ಬೆಂಕಿ ಇಟ್ಟಂಗ ಉರೀತಾವು. ಆಮೇಲೆ ಕೂದಲು. ಮೊನ್ನೆ ಅಕ್ಕನ ತಲಿ ಬಾಚಿದ್ರ ಬಾಚಣಿಗಿ ತುಂಬಾ ಬಂತಲ್ಲ, ಆವಾಗಲೇ ನನಗ ಅನುಮಾನ. ತಾಮ್ರಕ್ಕ ಕೂದಲು ಉದುರಂಗಿಲ್ಲ."

"ಅಂದ್ರೆ ಮಸ್ತಾನಸಾಬ..."

"ನಾನು ಜೈಲಿಗೆ ಕಳಿಸಿದ್ದು ಏನೂ ಮಾಡದವನ್ನ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ. ಹಿಡಿದೊಯ್ಯುವಾಗ ಆ ಮುದುಕ ಓಬಳೇಶನ ಕಡೆ ತಿರುಗಿ, "ಮೂವತ್ತು ವರ್ಷ ನಿಮ್ಮ ಮನಿ ಪಾತ್ರೆಗೆ ಕಲಾಯಿ ಹಾಕೀನಪ್ಪಾ, ಒಂದು ದಿನ ಕಿಲುಬು ಕಂಡೀಯೇನು?" ಎಂದು ಕೇಳಿದ್ದ. ಉತ್ತರ ಕೊಡದೆ ಒಳಗೆ ಹೋದದ್ದಕ್ಕೆ ಓಬಳೇಶನಿಗೆ ಈಗ ತನ್ನ ಮೇಲೆಯೇ ಹೇಸಿಗೆಯಾಯಿತು.

"ಈ ಥ್ಯಾಲಿಯಂ ಎಲ್ಲಿ ಸಿಗ್ತೈತೆ?"

"ಎಲ್ಲರ ಹತ್ರ ಸಿಗಂಗಿಲ್ಲ. ದೊಡ್ಡ ಗೋದಾಮಿನಾಗ ಇಲಿ ಪಾಷಾಣ ಮಾಡತಾರ. ನಮ್ಮಲ್ಲೂ ಒಂದು ಸಣ್ಣ ಬಾಟ್ಲಿ ಐತಿ." ಅವನು ಸೊಂಟದ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ತೆಗೆದು, ಗೋಡೆಯ ಕಪಾಟು ತೆರೆದು ತೋರಿಸಿದ. "ನೋಡ್ರಿ, ಕುತ್ತಿಗಿ ಮಟ ತುಂಬೈತಿ. ಒಂದು ಹರಳೂ ಖರ್ಚಾಗಿಲ್ಲ. ಇದು ಹೊರಗಿಂದ ಬಂದಿದ್ದು."

"ನಿಮ್ಮಕ್ಕ ಬದುಕ್ತಾಳಾ?"

"ಮದ್ದು ಐತಿ. ಒಂದು ನೀಲಿ ಪುಡಿ, ಅದನ್ನ ಇಲ್ಲೇ ಮಾಡಬಹುದು, ಡಾಕ್ಟರು ಒಪ್ಪಿದ್ರ ಇವತ್ತ ಕೊಡಬಹುದು. ಆದ್ರ ಸಾಹೇಬ್ರೆ, ಆಕಿ ಗಂಡನ ಮನಿ ಬಿಟ್ಟು ದವಾಖಾನಿ ಸೇರಿ ಒಂಬತ್ತು ದಿನ ಆತು. ವಿಷ ದಿನದಿನಕ್ಕ ಇಳೀಬೇಕಾಗಿತ್ತು. ಇಳದಿಲ್ಲ, ಏರೈತಿ. ಇಲ್ಲೇ, ನಮ್ಮ ಕಣ್ಣ ಮುಂದ, ಯಾರೋ ಇವತ್ತಿಗೂ ಉಣಿಸಾಕತ್ಯಾರ. ಅದು ನಿಲ್ಲದ ಮದ್ದು ಕೊಟ್ರ ಸೋರೋ ಗಡಿಗಿಗೆ ನೀರು ಹಾಕಿದಂಗ. ಎರಡು ಮೂರು ದಿನಕ್ಕಿಂತ ಹೆಚ್ಚು ತಡಿಯಂಗಿಲ್ಲ ಆಕಿ."

ಅಪ್ಪ ಸತ್ತ ವರ್ಷ ಆಡು ಕಾಯ್ದು ಓಬಳೇಶನನ್ನು ಓದಿಸಿದ ಅಕ್ಕ ಅವಳು.

ಆಗಲೇ ಬಾಗಿಲು ಧಡಾರನೆ ತೆರೆಯಿತು.

ಹುಲುಗಮ್ಮ ನಿಂತಿದ್ದಳು. ಸತ್ತ ರಾಮಣ್ಣನ ತಾಯಿ, ಅಂಜಿನಕ್ಕನ ಅತ್ತೆ. ಬಗಲಲ್ಲಿ ಕೈಚೀಲ, ಹಣೆಯಲ್ಲಿ ಭಂಡಾರ. ಮೇಜಿನ ಮೇಲೆ ಬಿಚ್ಚಿಬಿದ್ದಿದ್ದ ಹಳದಿ ಬಟ್ಟೆಯ ಚೂರನ್ನು ನೋಡಿದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು.

"ದೇವಿ ಮುಡಿ ಬೇಯಿಸೀರೇನ್ರೋ! ನಿಮ್ಮ ಕೈ ಸೇದಿ ಹೋಗಲಿ!"

ಸೊಸೆಯ ಕೂದಲು ಉದುರಲು ಶುರುವಾದ ದಿನವೇ ಹುಲುಗಮ್ಮ ತೀರ್ಮಾನಿಸಿಬಿಟ್ಟಿದ್ದಳು: ಉಚ್ಚಂಗೆಮ್ಮ ಮುಡಿ ಕೇಳುತ್ತಿದ್ದಾಳೆ. ದೇವಿ ಕೇಳಿದ ಕೂದಲು ತಿಪ್ಪೆಗೆ ಬೀಳಬಾರದು. ಹಾಗಾಗಿ ಮಂಗಳವಾರ ಉದುರಿದ್ದು ಬೇರೆ, ಶುಕ್ರವಾರ ಉದುರಿದ್ದು ಬೇರೆ, ಒಂದೊಂದನ್ನೂ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಜೋಪಾನ ಮಾಡುತ್ತಿದ್ದಳು. ಅವಳ ಚೀಲದಿಂದ ಎರಡು ಗಂಟು ಎಗರಿಸಿ ತಂದುಕೊಟ್ಟವಳು ದವಾಖಾನೆಯ ಆಯಾ ಪಕ್ಕೀರಮ್ಮ, ಇನ್‌ಸ್ಪೆಕ್ಟರ್ ಮಾತಿನ ಮೇಲೆ. ಹಳೆಯ ಗಂಟಿನ ಗೆರೆ ಮಂದ, ಹೊಸ ಗಂಟಿನ ಗೆರೆ ಕಣ್ಣು ಕುಕ್ಕುವಂತೆ. ವಿಷ ಏರುತ್ತಿದೆ ಎಂದು ಓಬಳೇಶನಿಗೆ ತಿಳಿದದ್ದೇ ಈ ಗಂಟುಗಳಿಂದ.

"ಅತ್ತೀ, ಕುಂದ್ರಿ. ದೇವಿ ಕೇಳಿಲ್ಲ ಇದನ್ನ. ವಿಷ ಕೇಳೈತಿ."

"ಯಾವ ವಿಷ? ಕಿಲುಬು ಅಂದಾವ ನೀನು. ಇವತ್ತು ವಿಷ ಅಂತೀ. ನಾಳೆ ಏನಂತೀ? ನಾಳೆ ಶುಕ್ರವಾರ, ಮುಂಜಾನಿ ಬಸ್ಸಿಗೆ ಆಕಿನ್ನ ಉಚ್ಚಂಗಿದುರ್ಗಕ್ಕ ಕರಕಂಡು ಹೋಗಾಕಿ ನಾನು. ಪೂರಾ ಮುಡಿ ಕೊಟ್ರ ದೇವಿ ತಣ್ಣಗಾಕ್ಕಾಳ."

"ಈ ಸ್ಥಿತ್ಯಾಗ ಬಸ್ ಹತ್ತಿಸಿದ್ರ ದಾರಿಯಾಗ ಸಾಯತಾಳ!"

"ಇಲ್ಲಿದ್ರ ಬದುಕತಾಳೇನು?"

ಓಬಳೇಶನಿಗೆ ಸಿಟ್ಟು ಬಂತು. ಅವನ ಕಣ್ಣು ಅವಳ ಹಣೆಯ ಭಂಡಾರದ ಮೇಲೆ ನಿಂತಿತು.

"ದಿನಾ ಮುಂಜಾನಿ ಅಕ್ಕನ ನಾಲಿಗಿ ಮ್ಯಾಲ ಭಂಡಾರ ಇಡತೀರಲ್ಲ, ಎಲ್ಲಿಂದ ತಂದೀರಿ ಅದನ್ನ?"

ಹುಲುಗಮ್ಮ ಒಂದು ಕ್ಷಣ ಅವನನ್ನೇ ನೋಡಿದಳು. ಮಾತಿನ ಹಿಂದಿನ ಮಾತು ಅವಳಿಗೆ ತಿಳಿಯಿತು.

"ಅಂದ್ರ? ನಾ ಇಟ್ಟೆ ಅಂತೀಯಾ ವಿಷಾನ?"

"ಕೇಳಿದ್ದಕ್ಕ ಹೇಳ್ರಿ."

"ನನ್ನ ಮಗನ್ನೂ ನಾನ ಕೊಂದೆ ಅಂತೀಯಾ? ಹಡದ ಹೊಟ್ಟಿಗೆ ಈ ಮಾತೇನು?"

ಅವಳು ಚೀಲಕ್ಕೆ ಕೈ ಹಾಕಿದಳು. ವೀರಭದ್ರಯ್ಯ ಎದ್ದು ನಿಂತ. ಅವಳು ಹೊರತೆಗೆದದ್ದು ಭಂಡಾರದ ಸಂಚಿ. ಬಿಚ್ಚಿ, ಹಿಡಿ ತುಂಬ ಅರಿಶಿನ ತೆಗೆದು, ತಡೆಯುವ ಮೊದಲೇ ಬಾಯಿಗೆ ಸುರಿದುಕೊಂಡಳು. ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ, ಪೂರಾ ನುಂಗಿದಳು.

"ಅತ್ತೀ!" ಓಬಳೇಶ ಕೂಗಿಕೊಂಡ.

"ನೋಡು ಈಗ. ನಿನ್ನ ಬೆಂಕಿಗೆ ಹಿಡಿದು ನೋಡು." ಹಳದಿ ತುಟಿಗಳಿಂದ ಹೇಳುತ್ತ ಸಂಚಿಯನ್ನು ಮೇಜಿನ ಮೇಲೆ ಎಸೆದಳು.

ಓಬಳೇಶ ಸಂಚಿಯನ್ನು ಹತ್ತಿರ ಎಳೆದುಕೊಂಡ. ತಂತಿಯನ್ನು ಆಮ್ಲದಲ್ಲಿ ಅದ್ದಿ ಉರಿಯಲ್ಲಿ ಕಾಸಿ, ಮತ್ತೆ ಅದ್ದಿ ಕಾಸಿ, ಬಣ್ಣವೇ ಇಲ್ಲದಂತೆ ತೊಳೆದು, ಭಂಡಾರಕ್ಕೆ ತಾಗಿಸಿ ಹಿಡಿದ. ಹಳದಿ ಗೆರೆ ಬಂತು. ದೂರದಲ್ಲಿ ಒಂದು ಮಂದ ಕೆಂಪು. ಹಸಿರಿನ ಜಾಗ ಖಾಲಿ. ಸಂಚಿಯ ತಳದಿಂದ ತೆಗೆದು ನೋಡಿದ. ಖಾಲಿ. ಬಟ್ಟೆಯ ಹೊಲಿಗೆಯಿಂದ ಕೆರೆದು ನೋಡಿದ. ಖಾಲಿ.

"ಏನೂ ಇಲ್ಲ," ಎಂದ ತಗ್ಗಿದ ದನಿಯಲ್ಲಿ. "ತಪ್ಪಾತು ಅತ್ತೀ."

ಹುಲುಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಳು ಬಂದಿತ್ತು, ಅಳಲಿಲ್ಲ.

"ನನ್ನ ಮಗನ ಬಾಯಿಗೆ ಬಿದ್ದಿದ್ದು ನನ್ನ ಮನಿ ರೊಟ್ಟಿ, ನಿನ್ನ ನೀರು. ರೊಟ್ಟಿ ನಾನೂ ತಿಂದೀನಿ. ಗುಂಡುಕಲ್ಲಿನಂಗ ಅದೀನಿ."

"ಯಾವ ನೀರು?" ಎಂದ ವೀರಭದ್ರಯ್ಯ.

ಓಬಳೇಶನೇ ಉತ್ತರ ಕೊಟ್ಟ. ರಾಮಣ್ಣನಿಗೆ ಮೂತ್ರಕೋಶದಲ್ಲಿ ಕಲ್ಲು. ಹಗರಿಬೊಮ್ಮನಹಳ್ಳಿಯಲ್ಲಿ ಅವರ ಓಣಿಯ ನೀರು ಪಾತ್ರೆಗೆ ಬಿಳಿ ಪದರ ಕಟ್ಟುವಷ್ಟು ಸವಳು. ಮೆತ್ತನೆಯ ನೀರು ಕುಡಿ ಎಂದು ಡಾಕ್ಟರು ಹೇಳಿದ್ದರು. ಬೇರೆಯವರಾಗಿದ್ದರೆ ಸಿಹಿನೀರಿನ ಬಾವಿ ಹುಡುಕುತ್ತಿದ್ದರು. ಓಬಳೇಶ ಕೆಮಿಸ್ಟ್ರಿ ಓದಿದವನು. ಲ್ಯಾಬಿನಲ್ಲಿ ಭಟ್ಟಿ ಇಳಿಸಿದ ನೀರನ್ನೇ ಕ್ಯಾನಿ‌ಗೆ ತುಂಬಿ, ಭಾನುವಾರಕ್ಕೊಮ್ಮೆ ಬಸ್ಸಿನಲ್ಲಿ ಹೊತ್ತೊಯ್ದು ಕೊಡುತ್ತಿದ್ದ. ಅಕ್ಕ ದವಾಖಾನೆ ಸೇರಿದ ಮೇಲೆ ದಿನಾ ಒಂದು ಬಾಟಲಿ.

"ನಾ ಮುಟ್ಟತಿದ್ದಿಲ್ಲ ಅದನ್ನ," ಎಂದಳು ಹುಲುಗಮ್ಮ. "ಮಣ್ಣಿನ ವಾಸನಿ ಇಲ್ಲದ ನೀರು ಅದೆಂಥ ನೀರು? ಗಂಡ ಹೆಂಡ್ತಿ ಇಬ್ಬರೂ ಕುಡಿಯೋರು. ಅಂಬಲೀಗೂ ಅದನ್ನ ಹಾಕೋಳು."

"ಅತ್ತೀ, ಇಡೀ ತಾಲೂಕಿನಾಗ ಅದಕ್ಕಿಂತ ಚೊಕ್ಕ ನೀರು ಇಲ್ಲ," ಎಂದು ಓಬಳೇಶ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ, ಅದೂ ಪೆದ್ದುನಗು.

ಹುಲುಗಮ್ಮ ಚೀಲದಿಂದ ಗಾಜಿನ ಬಾಟಲಿ ತೆಗೆದು ಇಟ್ಟಳು. ತಳದಲ್ಲಿ ಎರಡು ಗುಟುಕು ನೀರಿತ್ತು. "ನಾ ಬಂದಿದ್ದು ನಿಮ್ಮ ಜೋಡಿ ಜಗಳಕ್ಕಲ್ಲ. ನೀರು ಮುಗದಾವು, ತುಂಬಿಸಿಕೊಂಡು ಬರ್ರಿ ಅಂದ್ಲು ನಿನ್ನಕ್ಕ. ಅದಕ್ಕ ಬಂದೆ."

ವೀರಭದ್ರಯ್ಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನೀರು ತಿಳಿಯಾಗಿತ್ತು. ಅವನು ಅದನ್ನು ಮೆಲ್ಲಗೆ ಬರ್ನರಿನ ಪಕ್ಕಕ್ಕೆ ಸರಿಸಿದ.

"ಇದನ್ನೂ ಒಂದ್ಸಲ ನೋಡ್ಬಿಡ್ರಿ ಮೇಷ್ಟ್ರೇ."

"ಬ್ಯಾಡ ಬಿಡ್ರಿ, ಇದರಾಗ ಏನಿರತೈತಿ?"

"ಆಯಮ್ಮ ಭಂಡಾರ ನುಂಗಿ ತೋರಿಸಿದ್ಲು. ನೀವು ನೀರು ಕಾಸಿ ತೋರಿಸಾಕೆ ಏನ್ ಕಷ್ಟ?"

ಮಾತು ಸರಿಯಾಗಿತ್ತು. ಓಬಳೇಶ ನೀರನ್ನು ಪಿಂಗಾಣಿ ಬಟ್ಟಲಿಗೆ ಸುರಿದು ಉರಿಯ ಮೇಲಿಟ್ಟ. ನೀರು ಸದ್ದು ಮಾಡಿ, ಹಬೆಯಾಗಿ, ಇಂಗಿತು. ತಳದಲ್ಲಿ ಬಿಳಿಯ ಪುಡಿ ಸ್ವಲ್ಪ ಉಳಿಯಿತು. ತಂತಿಯ ತುದಿಯಲ್ಲಿ ಅದನ್ನು ತೆಗೆದು ಉರಿಗೆ ಹಿಡಿದ.

ಉರಿಗೆ ಉರಿಯೇ ಹಸಿರಾಯಿತು.

ಈ ಸಲ ಕೊಳವೆ ಬೇಕಾಗಿರಲಿಲ್ಲ. ಆದರೂ ಇಟ್ಟು ನೋಡಿದ. ಗೆರೆ ಕೂದಲಿನಲ್ಲಿ ಕಂಡದ್ದಕ್ಕಿಂತ ಹತ್ತು ಪಟ್ಟು ಪ್ರಖರವಾಗಿ, ಒಂಟಿಯಾಗಿ, ಅದೇ ಜಾಗದಲ್ಲಿತ್ತು.

ತಂತಿ ಓಬಳೇಶನ ಕೈಯಿಂದ ಜಾರಿ ಕಲ್ಲಿನ ಮೇಜಿನ ಮೇಲೆ ಬಿತ್ತು. ಭಾನುವಾರದ ಬಸ್ಸು, ಕಾಲ ಸಂದಿಯಲ್ಲಿ ಕ್ಯಾನು, "ಏನೋ ಭಾಮೈದಾ, ಗಂಗಿ ಹೊತ್ಕಂಡು ಬಂದ್ಯಾ?" ಎಂದು ಬಾಗಿಲಲ್ಲೇ ನಗುತ್ತ ನಿಲ್ಲುತ್ತಿದ್ದ ರಾಮಣ್ಣ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಸಾವನ್ನು ಹೊತ್ತು ತಂದು ಲೋಟಕ್ಕೆ ಬಗ್ಗಿಸಿ ಕೊಟ್ಟವನು ತಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಯವ್ವಾ..." ಎಂದಳು ಹುಲುಗಮ್ಮ. ಆಕೆಗೆ ಗೆರೆ, ಧಾತು ಏನೂ ಬೇಕಾಗಿರಲಿಲ್ಲ. ಅವನ ಮುಖ ಸಾಕಾಗಿತ್ತು.

ವೀರಭದ್ರಯ್ಯ ಈಗ ಬಾಗಿಲಿಗೆ ಅಡ್ಡ ನಿಂತಿದ್ದ. ದನಿ ಬದಲಾಗಿತ್ತು. "ಈ ನೀರು ತುಂಬೋರು ಯಾರು?"

"ನಾನು."

"ಒಯ್ಯೋರು?"

"ನಾನು. ಸಾಹೇಬ್ರೆ, ತಡೀರಿ. ಜಾಡಿ ನೀರು ನೋಡತೀನಿ, ತಡೀರಿ."

ಮೂಲೆಯ ದೊಡ್ಡ ಜಾಡಿಯಿಂದ ಭಟ್ಟಿ ನೀರು ಹಿಡಿದು, ಎರಡನೇ ಬಟ್ಟಲಲ್ಲಿ ಇಂಗಿಸಿದ. ಬಟ್ಟಲಿನ ತಳದಲ್ಲಿ ಏನೂ ಉಳಿಯಲಿಲ್ಲ. ಉರಿಯೂ ಬದಲಾಗಲಿಲ್ಲ. ಜಾಡಿ ಚೊಕ್ಕಟವಾಗಿತ್ತು.

"ಜಾಡಿಯಲ್ಲಿಲ್ಲ, ಬಾಟ್ಲಿಯಲ್ಲೈತೆ," ಎಂದ ವೀರಭದ್ರಯ್ಯ. "ನಡುವೆ ಏನ್ ಮಾಡ್ತೀರಿ? ಜ್ಞಾಪಿಸ್ಕೊಳ್ರಿ. ಏನಾದ್ರೂ ಬೆರೆಸ್ತೀರಾ?"

ಓಬಳೇಶ ಬಟ್ಟಲನ್ನು ಮೇಜಿನ ಮೇಲಿಟ್ಟ.

"ಉಪ್ಪು."

"ಏನು?"

"ಭಟ್ಟಿ ನೀರು ಸಪ್ಪಿ ಇರತೈತ್ರಿ. ಪಂಚಮಿ ಹೊತ್ತಿಗೆ ಭಾವ ಕುಡಿಯಾಕ ಬೇಸರ ಮಾಡಿಕೊಂಡ. ಅದಕ್ಕ ಒಂದು ಚಿಟಿಕಿ ಉಪ್ಪು ಹಾಕಾಕ ಶುರು ಮಾಡಿದೆ. ಅಂಗಡಿ ಉಪ್ಪಿನಾಗ ಕಸ ಇರತೈತಂತ..." ಅವನು ಕಪಾಟಿನ ಕಡೆ ನೋಡಿದ. "ಇಲ್ಲಿನ ಚೊಕ್ಕ ಉಪ್ಪು."

ಅಂಗಡಿಯ ಉಪ್ಪನ್ನು ನಂಬದೆ ಲ್ಯಾಬಿನ ಬಾಟಲಿಯನ್ನು ನಂಬುವುದು ಕೆಮಿಸ್ಟ್ರಿ ಓದಿದವನು ಮಾತ್ರ ಮಾಡಬಹುದಾದ ತಪ್ಪು. ಅವನು ಬಾಟಲಿ ತೆಗೆದ. ಬಿಳಿಯ ಹರಳು, ಅರ್ಧಕ್ಕಿಳಿದಿತ್ತು. ಮೇಲಿನ ಚೀಟಿಯಲ್ಲಿ ಅವನದೇ ದುಂಡನೆಯ ಅಕ್ಷರ: ಸೋಡಿಯಂ ಕ್ಲೋರೈಡ್, ಶುದ್ಧ.

ಉಪ್ಪು ಉರಿದರೆ ಹಳದಿ ಬರಬೇಕು. ಪಿ.ಯು.ಸಿ. ಹುಡುಗರಿಗೂ ಗೊತ್ತಿರುವ ಪಾಠ ಅದು. ಅವನು ತಂತಿಗೆ ಎರಡು ಹರಳು ಹಿಡಿಸಿ ಉರಿಗೆ ಒಡ್ಡಿದ. ಹಸಿರು ಬಂತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅವನ ಅವ್ವ ಅಕ್ಷರ ಬಾರದೆಯೂ ತಿಳಿದಿದ್ದಳು. ಆಗಾಗ ಭಾವ, "ಎಷ್ಟು ಉಪ್ಪು ಹಾಕಿದ್ರೂ ಅಷ್ಟ ಸಪ್ಪಿ ಆಗಬೇಕು, ಹಂಗೈತಿ ನಿನ್ನ ನೀರು" ಎಂದು ಚೇಷ್ಟೆ ಮಾಡುತ್ತಿದ್ದದ್ದು ಈಗ ನೆನಪಾಯಿತು. ಭಾವನಿಗೆ ಉಪ್ಪಿನ ವಿಷಯ ಗೊತ್ತಿರಲಿಲ್ಲ, ಅದು ಬರೀ ಗಾದೆ ಮಾತಿನಂಥ ಮಾತು. ಎಲೆ ಅಡಿಕೆ ತಿಂದು ನಾಲಿಗೆ ಸತ್ತಿದೆ ಎಂದುಕೊಂಡಿದ್ದ ಓಬಳೇಶ. ಸತ್ತದ್ದು ನಾಲಿಗೆಯಲ್ಲ.

"ಹಂಗಾರೆ ಉಪ್ಪು ಎಲ್ಲಿ ಹೋಯ್ತು?" ಎಂದ ವೀರಭದ್ರಯ್ಯ.

ಓಬಳೇಶ ಪಕ್ಕದ ಬಾಟಲಿಗೆ ಕೈ ಹಾಕಿದ. ಕುತ್ತಿಗೆ ಮಟ್ಟ ತುಂಬಿದ್ದ, ಒಂದು ಹರಳೂ ಖರ್ಚಾಗದ ಥ್ಯಾಲಿಯಂ. ಉರಿಗೆ ಹಿಡಿದ. ಇಡೀ ಕೋಣೆ ಹಳದಿಯಾಯಿತು.

ಚೀಟಿಗಳು ಅದಲು ಬದಲಾಗಿದ್ದವು.

"ಈ ಅಕ್ಷರ ನಿಮ್ಮದೇ?"

"ನಂದ. ಗೆದ್ದಲು ಹತ್ತಿ ಹಳೇ ಚೀಟಿ ಹಾಳಾಗಿದ್ವು. ಪಂಚಮಿ ರಜಾದಾಗ ಹೊಸವು ಬರದೆ."

"ಅಂಟಿಸಿದ್ದು?"

ಅಂಟಿಸಿದ್ದು ಅಂಜಿನಕ್ಕ. ಪಂಚಮಿಗೆ ತವರಿಗೆಂದು ಬಂದವಳು, ಮನೆಯಲ್ಲಿ ಕೂತು ಬೇಸರ ಎಂದು ಅವನ ಹಿಂದೆ ಕಾಲೇಜಿಗೆ ಬಂದಿದ್ದಳು. ಅವನು ಬರೆದು ಬರೆದು ಕೊಟ್ಟ, ಅವಳು ಮೈದಾ ಅಂಟು ಹಚ್ಚಿ ಬಾಟಲಿಗಳಿಗೆ ಅಂಟಿಸಿದಳು. ಎರಡು ಬಿಳಿ ಪುಡಿ, ಎರಡು ಒಂದೇ ಅಳತೆಯ ಬಾಟಲಿ. ಒಂದು ವಿಷ, ಜೋಪಾನ ಎಂದು ಅವನೇ ತೋರಿಸಿ ಎಚ್ಚರಿಸಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಂಗ್ಲಿಷಿನ ಹಳೆಯ ಚೀಟಿ ಏನು ತಿಳಿಯಬೇಕು? ಕೈ ತಪ್ಪಿದೆ. ತನ್ನ ಕೈತಪ್ಪಿನಿಂದ ಗಂಡ ಸತ್ತ ಎಂದು ತಿಳಿದರೆ, ವಿಷ ಬಿಟ್ಟರೂ ಆ ಮಾತು ಅವಳನ್ನು ಬಿಡುವುದಿಲ್ಲ.

ಒಂದು ಉಸಿರಿನಷ್ಟು ಹೊತ್ತಿನಲ್ಲಿ ಅವನು ತೀರ್ಮಾನಿಸಿದ.

"ನಾನ ಅಂಟಿಸಿದ್ದು," ಎಂದ. "ತಪ್ಪು ನಂದು. ಬರಕಳ್ರಿ."

ವೀರಭದ್ರಯ್ಯ ಜೇಬಿನಿಂದ ಪುಸ್ತಕ ತೆಗೆದ. ಬರೆಯುವ ಮನಸ್ಸಿರಲಿಲ್ಲ, ಆದರೂ ಬರೆದ. "ಬರಕೊಂಡ್ರೆ ಏನಾಗ್ತೈತೆ ಗೊತ್ತಲ್ಲ? ನೌಕರಿ ಹೋಗ್ತೈತೆ. ಕೈತಪ್ಪು ಅಂತ ಕೋರ್ಟು ನಂಬಿದ್ರೆ ನಾಲ್ಕೈದು ವರ್ಷ. ನಂಬಲಿಲ್ಲ ಅಂದ್ರೆ..."

"ಗೊತ್ತೈತಿ. ಮೊದಲ ಡಾಕ್ಟರಿಗೆ ಹೇಳಿ ಕಳಸ್ರಿ, ನೀಲಿ ಪುಡಿ ಮಾಡಿ ಕೊಡತೀನಿ. ಅಕ್ಕ ಉಳೀಬೇಕು. ಮಸ್ತಾನಸಾಬನ್ನ ಬಿಡಸ್ರಿ. ಆಮೇಲೆ ಎಲ್ಲಿಗೆ ಅಂದ್ರ ಅಲ್ಲಿಗೆ ಬರತೀನಿ."

"ಒಂದು ಮಾತು. ನೀರಿಗೆ ಉಪ್ಪು ಹಾಕ್ತೀನಿ ಅಂತ ಯಾರಿಗೆ ಹೇಳಿದ್ರಿ? ಭಾವನಿಗೆ? ಅಕ್ಕನಿಗೆ? ಇಲ್ಲಿನ ಜವಾನನಿಗೆ?"

"ಯಾರಿಗೂ ಇಲ್ಲ. ಉಪ್ಪು ಅಂದ್ರ ಕಲ್ಲಿನ ರೋಗಕ್ಕ ಬ್ಯಾಡ ಅಂತ ಭಾವ ಕುಡಿಯೋದ ಬಿಡತಿದ್ದ. ಕಪಾಟಿನ ಮುಂದ ಒಬ್ಬನ ನಿಂತು ಹಾಕತಿದ್ದೆ. ನನ್ನ ಬಿಟ್ಟು ಈ ಭೂಮಿ ಮ್ಯಾಲ ಒಂದು ಪಿಳ್ಳೆಗೂ ಗೊತ್ತಿಲ್ಲ."

ವೀರಭದ್ರಯ್ಯ ಅದನ್ನೂ ಬರೆದುಕೊಂಡ.

ಹುಲುಗಮ್ಮ ಇಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದಳು. ಮಗನನ್ನು ಕೊಂದವನು ಎದುರಿಗಿದ್ದ. ಆದರೂ ಅವನ ಮುಖ ನೋಡಿ ಕರುಳು ಚುರ್ ಎಂದಿತೋ ಏನೋ, ಹತ್ತಿರ ಬಂದು ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು.

"ನಾ ಹೋಗಿ ಆಕಿ ಹತ್ರ ಕುಂದ್ರತೀನಿ. ಒಂದು ಹನಿ ಹೊರಗಿಂದು ಬಾಯಿಗೆ ಹಾಕಗೊಡಂಗಿಲ್ಲ. ಉಚ್ಚಂಗಿಗೂ ಈಗ ಒಯ್ಯಂಗಿಲ್ಲ."

"ದೊಡ್ಡ ಉಪಕಾರ ಅತ್ತೀ," ಎಂದ ಓಬಳೇಶ. ಕಣ್ಣು ತುಂಬಿ ಬಂದಿತ್ತು.

ಬಾಗಿಲವರೆಗೆ ಹೋದವಳು ನಿಂತಳು. "ಈ ಗದ್ದಲದಾಗ ಮರತ ಬಿಟ್ಟಿದ್ದೆ. ಬರೋವಾಗ ನಿನ್ನಕ್ಕ ಒಂದು ಮಾತು ಹೇಳಿ ಕಳಿಸಿದ್ಲು."

"ಏನಂದ್ಲು?"

"ಏನಿಲ್ಲಪ್ಪ. 'ನನ್ನ ತಮ್ಮ ನೀರಿಗೆ ಕಪಾಟಿನ ಉಪ್ಪು ಹಾಕತಾನ್ರಿ ಅತ್ತೀ. ಇವತ್ತು ಒಂದೆರಡು ಚಿಟಿಕಿ ಜಾಸ್ತಿ ಹಾಕಂತ ಹೇಳ್ರಿ. ಇದು ಬೇಗ ಮುಗೀಬೇಕು' ಅಂದ್ಲು. ಬಾಟ್ಲಿ ನೀರು ಮುಗಿಯೋ ಮಾತು ಅಂತ ನಾ ತಿಳಕಂಡೆ."

ವೀರಭದ್ರಯ್ಯ ಬರ್ನರ್ ಆರಿಸಿದ.

ಓಬಳೇಶ ಮೇಜನ್ನು ಹಿಡಿದುಕೊಂಡ. ಕೈತಪ್ಪಲ್ಲ. ಪಂಚಮಿಗೆ ಕಾಲೇಜಿಗೆ ಬಂದ ದಿನ ಅವನು ಕಪಾಟಿನ ಮುಂದೆ ನೀರಿಗೆ ಉಪ್ಪು ಹಾಕುವುದನ್ನು ಅವಳು ಹಿಂದೆ ನಿಂತು ನೋಡಿರಬೇಕು. ಅವಳಿಗೆ ಗೊತ್ತಿತ್ತು. ಗಂಡನ ಲೋಟಕ್ಕೆ ಬಗ್ಗಿಸುವಾಗಲೂ ಗೊತ್ತಿತ್ತು, ತನ್ನ ಲೋಟಕ್ಕೆ ಬಗ್ಗಿಸಿಕೊಳ್ಳುವಾಗಲೂ ಗೊತ್ತಿತ್ತು. ಯಾಕೆ ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

ವೀರಭದ್ರಯ್ಯ ಈಗಷ್ಟೇ ಬರೆದ ಹಾಳೆಯನ್ನು ನೋಡಿದ, ಓಬಳೇಶನನ್ನು ನೋಡಿದ, ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡ.

"ಏಳ್ರಿ ಮೇಷ್ಟ್ರೇ, ದವಾಖಾನೆಗೆ ಹೋಗೋಣ," ಎಂದ. "ನಿಮ್ಮನ್ನ ಕೇಳೋದು ಮುಗೀತು."